ಕಂಠಪ್ಪ ಮೇಷ್ಟ್ರ ಮೂಗರ್ಜಿ

ಇನ್ಸ್‌ಪೆಕ್ಟರ ಎದುರಿಗೆ ಹೆಡ್‌ಮೇಷ್ಟ್ರು ಚಿಕ್ಕಬಸಪ್ಪ ಆಡಿದ ಒಂದು ಮಾತು ಮೂರು ತಿಂಗಳಾದರೂ ಕಂಠಪ್ಪನಿಗೆ ಅರಗಿರಲಿಲ್ಲ. ಅವತ್ತು ಹುಲ್ಲಿಕೊಪ್ಪಲಿನ ಶಾಲೆಗೆ ತನಿಖೆ ಬಂದಿತ್ತು. ಕಂಠಪ್ಪ ದೊಡ್ಡ ತರಗತಿಗೆ ವ್ಯಂಗ್ಯವೆಂದರೇನು ಎಂದು ಪಾಠ ಹೇಳುತ್ತಿದ್ದ. ಗಂಡ ಸಂತೆಯಿಂದ ಬರಿಗೈಯಲ್ಲಿ ಬರುತ್ತಾನೆ. ಹೆಂಡತಿ, “ಅಬ್ಬಬ್ಬ, ಇಷ್ಟೊಂದು ಹೊತ್ತು ತಂದು ಸುಸ್ತಾಗಿರಬೇಕು, ಕೂತ್ಕಳಿ” ಅನ್ನುತ್ತಾಳೆ. ಹೊಗಳಿದಳೋ ಬೈದಳೋ? “ಬೈದ್ಲು ಸಾ!” ಎಂದು ಮಕ್ಕಳು ಕೂಗಿದರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಬಸಪ್ಪ ಇನ್ಸ್‌ಪೆಕ್ಟರ ಕಡೆಗೆ ತಿರುಗಿ, “ಕಂಠಪ್ಪೋರು ಪಾಠ ಮಾಡ್ತಿದ್ರೆ ನಾನೂ ಓಗಿ ಮಕ್ಕಳ ಜೊತೇಲಿ ಕೂತ್ಕಳವ ಅನ್ನಿಸ್ತದೆ ಸ್ವಾಮಿ. ಇವರ ಮುಂದೆ ನಾನೆಂಥ ಮೇಷ್ಟ್ರು, ಬುಡಿ!” ಅಂದ. ಇನ್ಸ್‌ಪೆಕ್ಟರು ನಕ್ಕರು. ಮಕ್ಕಳೂ ನಕ್ಕರು.

ಹೆಡ್‌ಮೇಷ್ಟ್ರ ಕುರ್ಚಿಯಲ್ಲಿ ಕೂರುವವನು ‘ನಾನೆಂಥ ಮೇಷ್ಟ್ರು’ ಅಂದರೆ ಅದೇನು ಹೊಗಳಿಕೆಯೇ? ಸಂತೆಯ ಗಂಡನಿಗೆ ಹೆಂಡತಿ ಅಂದದ್ದು ಇನ್ನೇನು ಮತ್ತೆ! ಕಂಠಪ್ಪನಿಗೆ ಈ ವಿದ್ಯೆಯಲ್ಲಿ ಭಾರಿ ನಂಬಿಕೆ. ಕಾವ್ಯದಲ್ಲಿ ಕವಿ ಎಲ್ಲಿ ಹೊಗಳುವ ಹಾಗೆ ಚುಚ್ಚುತ್ತಾನೆಂದು ಬೆರಳಿಟ್ಟು ತೋರಿಸುತ್ತಿದ್ದ. ಅಂಗಡಿಯವನು ಕೈಮುಗಿದರೂ, ಪಕ್ಕದ ಮನೆಯವಳು ಹೊಸ ಅಂಗಿ ಚೆನ್ನಾಗಿದೆ ಅಂದರೂ ಅದರ ಹೊಟ್ಟೆಯೊಳಗೆ ಏನಿದೆಯೆಂದು ಬಗೆದು ನೋಡುತ್ತಿದ್ದ. ಹುಡುಕಿದರೆ ಸಿಕ್ಕೇ ಸಿಗುತ್ತಿತ್ತು. ಹೀಗೆ ಬದುಕುವವನಿಗೆ ನಿದ್ದೆ ಕಡಿಮೆ, ಪಾಪ.

ಚಿಕ್ಕಬಸಪ್ಪನನ್ನು ಆ ಕುರ್ಚಿಯಿಂದ ಎಬ್ಬಿಸಬೇಕು ಎಂದು ಅವನು ತೀರ್ಮಾನಿಸಿದ್ದು ಹಾಗೆ. ದಾರಿಯೂ ಹೊಳೆಯಿತು. ಮೂಗರ್ಜಿ.

ಹೆಸರಿಲ್ಲದ ಅರ್ಜಿ ಬರೆದವರು ಸಿಕ್ಕಿಬೀಳುವುದು ಕೈಬರಹದಿಂದ, ಕಾಗದದಿಂದ, ಅಂಚೆಮುದ್ರೆಯಿಂದ. ಕಂಠಪ್ಪ ಒಂದು ತಿಂಗಳು ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಂಡ. ಕಾಗದವನ್ನು ಕಂಪಲಾಪುರದ ಸಂತೆಯಲ್ಲಿ ಕೊಂಡ. ಶಾಲೆಯ ಶಾಯಿ ಮುಟ್ಟಲಿಲ್ಲ. ಹುಣಸೂರಿಗೆ ಹೋಗಿ, ಮೋಟಾರು ಬಂದು ಜನ ನುಗ್ಗುವ ಹೊತ್ತಿಗೆ ಕಾದು, ಲಕೋಟೆಯನ್ನು ಪೆಟ್ಟಿಗೆಗೆ ಇಳಿಬಿಟ್ಟ. ಕರಡು ಒಲೆಗೆ ಹೋಯಿತು. ಅದನ್ನು ಇಟ್ಟುಕೊಳ್ಳುವ ಅಗತ್ಯವೂ ಇರಲಿಲ್ಲ, ಅರ್ಜಿ ಪೂರ್ತಿ ಬಾಯಿಪಾಠವಾಗಿತ್ತು.

ಆರೋಪಗಳು ಐದು. ಹೆಡ್‌ಮೇಷ್ಟ್ರು ಮಧ್ಯಾಹ್ನ ತರಗತಿಯಲ್ಲೇ ಗೊರಕೆ ಹೊಡೆಯುತ್ತಾರೆ. ಬಾರದ ಮಕ್ಕಳಿಗೆ ಹಾಜರಿ ಹಾಕುತ್ತಾರೆ. ಮಕ್ಕಳ ಕೈಲಿ ತಮ್ಮ ರಾಗಿ ಹೊಲದ ಕಳೆ ಕೀಳಿಸುತ್ತಾರೆ. ನಾಲ್ಕನೆಯದು ಎಲ್ಲಕ್ಕಿಂತ ಭಾರದ್ದು: ಸರ್ಕಾರದ ಹುಕುಮು ಮೀರಿ ಆದಿಕರ್ನಾಟಕರ ಕೇರಿಯ ಮಕ್ಕಳನ್ನು ಜಗಲಿಯಲ್ಲಿ ಕೂರಿಸುತ್ತಾರೆ. ಇದನ್ನು ಬರೆಯುವಾಗ ಕಂಠಪ್ಪ ವಿವರಕ್ಕೆ ತಡಕಾಡಬೇಕಾಗಲಿಲ್ಲ, ಯಾಕೆಂದರೆ ಆ ಮಕ್ಕಳನ್ನು ಜಗಲಿಯಲ್ಲಿ ಕೂರಿಸುತ್ತಿದ್ದವನು ಅವನೇ. ಒಳಕ್ಕೆ ಕರೆತಂದು ಮುಂದಿನ ಮಣೆ ಕೊಟ್ಟವನು ಚಿಕ್ಕಬಸಪ್ಪ.

ಐದನೆಯದು ಅವನ ಹೆಮ್ಮೆಯ ಕುಸುರಿ. ಹಳ್ಳಿಯವರ ಅರ್ಜಿಯೆಂದರೆ ಕೊನೆಯಲ್ಲೊಂದು ಸಣ್ಣ ಗೊಣಗಾಟ ಇದ್ದೇ ಇರುತ್ತದೆ, ಇಲ್ಲದಿದ್ದರೆ ಮೇಷ್ಟ್ರು ಬರೆದ ಹಾಗಾಗುತ್ತದೆ. ಅದಕ್ಕೇ, ಹೆಡ್‌ಮೇಷ್ಟ್ರು ಶಾಲೆಯ ಹಿತ್ತಲಲ್ಲಿ ಎಮ್ಮೆ ಕಟ್ಟಿ ಸೊಳ್ಳೆ ಸಾಕುತ್ತಿದ್ದಾರೆ ಎಂದು ಸೇರಿಸಿದ. ಐದರಲ್ಲಿ ನಿಜವಾಗಿದ್ದದ್ದು ಇದೊಂದೇ. ಆ ಎಮ್ಮೆಯ ಮಜ್ಜಿಗೆ ದಿನಾ ಒಂದು ಚೊಂಬು ಕಂಠಪ್ಪನ ಮನೆಗೂ ಬರುತ್ತಿತ್ತು.

ಮುಂದಿನದು ಇಲಾಖೆಯ ಕೆಲಸ. ಮೇಲೆ ಹೋದ ಕಾಗದ ‘ವಿಚಾರಿಸಿ ವರದಿ ಮಾಡಿ’ ಎಂಬ ಒಕ್ಕಣೆ ಹೊತ್ತು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಆರೋಪ ಹೆಡ್‌ಮೇಷ್ಟ್ರ ಮೇಲಾದರೆ ಇಳಿದು ಬಂದು ನಿಲ್ಲುವುದು ಅವರ ಕೆಳಗಿನವನ ಮೇಜಿಗೆ. ಅಂದರೆ ಕಂಠಪ್ಪನ ಮೇಜಿಗೆ. ಕಳ್ಳನ ಕೈಗೇ ತನಿಖೆ! ಇದನ್ನು ನೆನೆದಾಗಲೆಲ್ಲ ಅವನಿಗೆ ಒಳಗೊಳಗೇ ನಗು ಬರುತ್ತಿತ್ತು. ಇಂಥ ವ್ಯಂಗ್ಯ ಯಾವ ಕಾವ್ಯದಲ್ಲಿದೆ?

ಇಪ್ಪತ್ತು ದಿನಕ್ಕೆ ಮೈಸೂರಿನ ಇನ್ಸ್‌ಪೆಕ್ಟರ ಕಚೇರಿಯಿಂದ ಲಕೋಟೆ ಬಂತು. ಅರ್ಜಿಯ ನಕಲು ಲಗತ್ತಿಸಿದೆ, ವಿಚಾರಣೆ ಮಾಡಿ ಎಂಟು ದಿನದೊಳಗೆ ವರದಿ ಕಳಿಸತಕ್ಕದ್ದು, ಅಲ್ಲಿಯವರೆಗೆ ಚಿಕ್ಕಬಸಪ್ಪನವರು ರಜೆಯಲ್ಲಿರತಕ್ಕದ್ದು. ಕಂಠಪ್ಪ ಮೊಹರು ನೋಡಿದ, ತನ್ನ ಹೆಸರು ನೋಡಿದ, ನಕಲನ್ನು ಮಡಿಸಿ ಟ್ರಂಕಿನಲ್ಲಿಟ್ಟ.

ಮಾರನೆಯ ದಿನ ಮಧ್ಯಾಹ್ನ ಚಿಕ್ಕಬಸಪ್ಪ ಅವನ ಮನೆಗೆ ಬಂದ. ಪಂಚೆಯ ಅಂಚು ಧೂಳಾಗಿತ್ತು. ಜಗಲಿಯ ಮೇಲೆ ಕೂತ.

“ಕೋಟೆ ಕಾಡಿನ ಕಡೆಗೆ ವರ್ಗ ಆಕ್ತಾರಂತೆ ಕಣ್ರೀ,” ಅಂದ. “ನಂಗೇನೂ ಇಲ್ಲ. ನಮ್ಮ ಮನೆಯೋಳು ಪುಟ್ಟತಾಯಿಗೆ ಓದ್ ವರ್ಸದ ಚಳಿಜ್ವರವೇ ಇನ್ನೂ ಮೈಬಿಟ್ಟಿಲ್ಲ. ಆ ಕಾಡಿನ ನೀರು ಕುಡುದ್ರೆ ಅವಳು ಉಳಿಯಾಕಿಲ್ಲ.”

“ನನ್ನ ಕೈಲೇನಿದೆ? ಇರೋದ್ನ ಬರೀಬೇಕು ಅಷ್ಟೆ,” ಅಂದ ಕಂಠಪ್ಪ.

“ಅದೇ ನಂಗೆ ಧೈರ್ಯ. ಬೇರೆಯೋರಾಗಿದ್ರೆ ಭಯ ಆಯ್ತಿತ್ತು. ನೀವಾದ್ರೆ ಇದ್ದದ್ದ ಇದ್ದಂಗೇ ಬರೀತೀರಿ.”

ಕಂಠಪ್ಪ ಆ ಮುಖವನ್ನು ದಿಟ್ಟಿಸಿದ. ಎಲ್ಲೋ ಒಂದು ಕೊಂಕು ಇರಲೇಬೇಕು. ತುಟಿಯಲ್ಲಿ ಸಿಗಲಿಲ್ಲ, ಕಣ್ಣಲ್ಲೂ ಸಿಗಲಿಲ್ಲ. ಒಂದು ಗಳಿಗೆ ಅವನಿಗೆ ಅನುಮಾನ ಬಂತು. ಈ ಮನುಷ್ಯ ಅಂದದ್ದೆಲ್ಲ ಅಂದ ಹಾಗೇ ಇದ್ದರೆ? ಅವತ್ತು ಇನ್ಸ್‌ಪೆಕ್ಟರ ಮುಂದೆ ಆಡಿದ್ದೂ? ಆದರೆ ಹಾಗೆ ಒಪ್ಪಿಕೊಂಡರೆ ತಾನು ಮಾಡಿದ್ದಕ್ಕೆ ಹೆಸರೇನು? ಅದಕ್ಕಿಂತ ಕೊಂಕು ಇದೆಯೆಂದು ನಂಬುವುದೇ ಸುಲಭವಾಗಿತ್ತು. ನಂಬಿದ. ಅವತ್ತು ಬಂದ ಮಜ್ಜಿಗೆ ಮಾತ್ರ ಚೊಂಬಿನಲ್ಲೇ ಉಳಿಯಿತು.

ವರದಿಯನ್ನು ಬಲಗೈಯಲ್ಲಿ, ತನ್ನ ಮುತ್ತಿನಂಥ ಅಕ್ಷರದಲ್ಲಿ, ಎರಡು ದಿನ ಕೂತು ಬರೆದ. ಎಲ್ಲವೂ ನಿಜವೆಂದರೆ ಹಗೆ ವಾಸನೆ ಹೊಡೆಯುತ್ತದೆ. ಹಾಗಾಗಿ ನಿದ್ದೆಯ ವಿಷಯ ಪೂರ್ತಿ ರುಜುವಾತಾಗಿಲ್ಲ ಎಂದು ಬಿಟ್ಟುಕೊಟ್ಟ. ಹಾಜರಿಯೂ ಕಳೆಯೂ ‘ಬಹುಮಟ್ಟಿಗೆ ನಿಜ’. ಜಗಲಿಯ ವಿಷಯ ‘ಬರೆಯಲು ನೋವಾಗುತ್ತದೆ, ಆದರೆ ನಿಜ’. ಪುಟ್ಟತಾಯಮ್ಮನ ಬಿಳಿಚಿದ ಮುಖ ಕಣ್ಣಮುಂದೆ ಬಂದಾಗ ಎದ್ದು ಹೋಗಿ ಕಾಲು ತೊಳೆದುಕೊಂಡು ಬಂದ. ‘ಅರ್ಜಿಯ ಐದನೆಯ ಆರೋಪವಾದ ಎಮ್ಮೆಯ ವಿಚಾರ: ನಾನೇ ಕಣ್ಣಾರೆ ಕಂಡಿರುತ್ತೇನೆ’ ಎಂದು ಬರೆಯುವಾಗ ಮಾತ್ರ ಅವನ ಕೈ ಹಗುರಾಯಿತು. ಅಷ್ಟಾದರೂ ಸತ್ಯ ಇತ್ತಲ್ಲ.

ಹತ್ತನೆಯ ದಿನ ಇನ್ಸ್‌ಪೆಕ್ಟರು ತಾವೇ ಬಂದರು. ಶಾಲೆಯ ಕೋಣೆಗೆ ಕಂಠಪ್ಪನನ್ನು ಕರೆಸಿ, ಹೆಡ್‌ಮೇಷ್ಟ್ರ ಕುರ್ಚಿ ತೋರಿಸಿ ಕೂರಿ ಅಂದರು. ಅವನು ಕೂತ. ಕುರ್ಚಿ ಅಂದುಕೊಂಡಷ್ಟು ಎತ್ತರವಿರಲಿಲ್ಲ.

“ವರದಿ ಚೆನ್ನಾಗಿದೆ ಮೇಷ್ಟ್ರೇ. ಈ ಎಮ್ಮೆ ವಿಷಯ ಯಾರು ಹೇಳಿದರು?”

“ಯಾರೂ ಹೇಳಿದ್ದಲ್ಲ ಸ್ವಾಮಿ. ಅರ್ಜಿಯಲ್ಲೇ ಇದೆ, ಕೊನೇದು. ಅದಕ್ಕೇ ವಿಚಾರಿಸಿದೆ.”

“ಹೌದಾ? ನಿಮಗೆ ಕಳಿಸಿದ ನಕಲು ತರಿಸಿ, ಓದೋಣ.”

ಟ್ರಂಕಿನಿಂದ ನಕಲು ಬಂತು. ಮಡಿಕೆ ಇನ್ನೂ ಗರಿಗರಿಯಾಗಿತ್ತು. ಕಂಠಪ್ಪ ಅದನ್ನು ಬಿಚ್ಚಿ, ತನಗೆ ಬಾಯಿಗೆ ಬರುವ ಸಾಲುಗಳ ಮೇಲೆ ಬೆರಳೋಡಿಸುತ್ತ ಕೆಳಗಿಳಿದ. ಗೊರಕೆ, ಹಾಜರಿ, ಕಳೆ, ಜಗಲಿ. ಅದರ ಕೆಳಗೆ ಗುಮಾಸ್ತರ ರುಜು. ಆಮೇಲೆ ಖಾಲಿ ಕಾಗದ. ತಿರುಗಿಸಿ ನೋಡಿದ, ಹಿಂದೆಯೂ ಏನೂ ಇರಲಿಲ್ಲ. “ಎಮ್ಮೆ ಕಟ್ಟಿದ್ದನ್ನೆಲ್ಲ ವಿಚಾರಣೆ ಮಾಡಿಸ್ತಾ ಕೂತರೆ ಇಲಾಖೆ ಕೆಲಸ ನಡೆಯುತ್ತಾ ಅಂತ, ಆ ಐದನೆಯದನ್ನು ಬಿಟ್ಟು ನಕಲು ಮಾಡೋಕೆ ನಾನೇ ಹೇಳಿದ್ದೆ,” ಅಂದರು ಇನ್ಸ್‌ಪೆಕ್ಟರು. “ಮೂಲ ಅರ್ಜಿ ನನ್ನ ಬೀರು ಬಿಟ್ಟು ಆಚೆ ಬಂದಿಲ್ಲ.”