ನಾಲ್ಕೇ ನಾಲ್ಕು ಸ್ಟಾರು

ಬಾಗಿಲು ತೆಗೆದವಳ ಕೈ ಚಿಲಕದ ಮೇಲೇ ನಿಂತುಬಿಟ್ಟಿತು.

"ನೀವಾ?!"

ಎದುರಿಗೆ ಲಿಫ್ಟ್ ಮೆಕ್ಯಾನಿಕ್. ಹೆಗಲಲ್ಲಿ ಅದೇ ಟೂಲ್ ಬ್ಯಾಗು, ಮುಖದಲ್ಲಿ ಅದೇ ಸಂಕೋಚದ ನಗು.

"ಆ್ಯಪ್‌ನಲ್ಲಿ ನಿಮ್ಮ ರೂಮು ಕಾಣಿಸ್ಲಿಲ್ಲ. ಅದಕ್ಕೆ ನೇರವಾಗಿ ಬಂದೆ..."

"ಹೇಗ್ರೀ ಕಾಣ್ಸುತ್ತೆ? ನೀವೇ ಅಳಿಸಿ ಹೋದ್ರಲ್ಲ!"

ಅವಳ ಧ್ವನಿ ಬೀದಿಗೆಲ್ಲ ಕೇಳಿಸಿತು. ಕೇಳಲಿ! ಮಹಡಿಯ ಕೋಣೆಯನ್ನು ದಿನದ ಬಾಡಿಗೆಗೆ ಕೊಡಲು ಶುರು ಮಾಡಿದಾಗಿನಿಂದ ಅವಳು ಯಾರ ಮೇಲೂ ದನಿಯೆತ್ತಿರಲಿಲ್ಲ. ಬೆಳಗಿನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಒಬ್ಬರು ಸ್ಟಾರ್ ಕಡಿಮೆ ಮಾಡಿದ್ದರು, ಬೀದಿ ಏರು ಎಂದು ಇನ್ನೊಬ್ಬರು. ಆ ಬಿಸಿಲಿಗೂ ಏರಿಗೂ ಅವಳೇ ಕ್ಷಮೆ ಕೇಳಿದ್ದಳು! ಅಮ್ಮನ ಕಣ್ಣು ಮಂಜಾಗಿ ಹೊಲಿಗೆ ನಿಂತ ಮೇಲೆ ಮನೆ ನಡೆಯುತ್ತಿದ್ದದ್ದೇ ಆ ಕೋಣೆಯಿಂದ.

ಆದರೆ ಇವನು? ತಿಂಗಳಿಡೀ ಇದ್ದವನು. ಅಮ್ಮನನ್ನು ಕೈಹಿಡಿದು ಮೆಟ್ಟಿಲಿಳಿಸುತ್ತಿದ್ದವನು. ಸಂಜೆ ಇವನ ಹೆಜ್ಜೆ ಸದ್ದಿಗೆ ತನ್ನ ಎದೆ... ಛೆ!

"ನಾಲ್ಕು ಸ್ಟಾರ್ ಕೊಟ್ಟಿದ್ನಲ್ಲ? ಐದಕ್ಕೆ ನಾಲ್ಕು ಅಂದ್ರೆ ಚೆನ್ನಾಗಿದೆ ಅಂತ ತಾನೇ?"

"ನಿಮ್ಮ ಲೆಕ್ಕದಲ್ಲಿ! ಆ ಆ್ಯಪ್ ಕಂಪನಿ ಲೆಕ್ಕದಲ್ಲಿ ಐದು ಅಂದ್ರೆ ಪಾಸು, ನಾಲ್ಕು ಅಂದ್ರೆ ಫೇಲು. ನನ್ನ ಸರಾಸರಿ ಕೂದಲೆಳೆಯಷ್ಟು ಇಳೀತು, ಪಟ್ಟಿಯಿಂದಲೇ ಕಿತ್ತು ಹಾಕಿದ್ರು!"

ಅವನ ಮುಖ ಬಿಳಿಚಿಕೊಂಡಿತು.

"ದೇವರಾಣೆಗೂ ಗೊತ್ತಿರ್ಲಿಲ್ಲ! ಶಬ್ದ ಇತ್ತಾ ಅಂತ ಕೇಳಿದ್ರು. ಬೆಳಗ್ಗೆ ನೀರಿನ ಪಂಪು ಗರಗರ ಅಂತಿತ್ತು... ಇದ್ದದ್ದು ಬರೆದೆ."

"ನಮ್ಮ ಜೊತೆ ಕೂತು ಊಟ ಮಾಡಿದೋರು, ಅದನ್ನ ನನ್ನ ಹತ್ರ ಹೇಳೋಕೆ ಬಾಯಿರ್ಲಿಲ್ವಾ? ಮುಖ ಕಾಣದ ಕಂಪನಿಗೆ ಚಾಡಿ ಹೇಳಿದ್ರಿ!"

ಒಳಗಿನಿಂದ ಅಮ್ಮ ಕೂಗಿದರು, "ಯಾರೇ ಅದು?"

"ನಾಲ್ಕು ಸ್ಟಾರು!"

"ಬಾಗಿಲಲ್ಲಿ ನಿಲ್ಸಿ ಬೈಬೇಡ್ವೇ. ಒಳಗೆ ಕೂರ್ಸಿ ಬೈ!"

ಅವನು ನಗಲಿಲ್ಲ.

"ಹೇಳ್ಬೇಕು ಅನ್ಕೊಂಡೆ. ಆದ್ರೆ ಹೇಳಿದ್ರೆ ನೀವು ಸಾರಿ ಅಂತಿದ್ರಿ. ಲೋಟ ನಾನು ಒಡೆದಾಗ್ಲೂ ಸಾರಿ ಅಂದೋರು ನೀವು! ನನ್ನ ಮುಂದೆ ನೀವು ಹಾಗೆ ಕುಗ್ಗೋದನ್ನ... ನೋಡೋಕಾಗ್ತಿರ್ಲಿಲ್ಲ."

ಅವಳ ಕೈ ಚಿಲಕದಿಂದ ಜಾರಿತು. ಇಷ್ಟು ದಿನ ತಾನು ನುಂಗಿಕೊಂಡದ್ದೆಲ್ಲ ಇವನಿಗೆ ಕಾಣುತ್ತಿತ್ತೇ? ಆದರೂ ಕೋಪ ಇಳಿಯಲಿಲ್ಲ.

"ನೀವು ಮಾಡಿದ್ದು ತಪ್ಪೇ!"

"ತಪ್ಪೇ. ಕಂಪನಿ ಜೊತೆ ಜಗಳ ಆಡ್ತೀನಿ. ನನ್ನ ಜೊತೆ ಕೆಲಸ ಮಾಡೋರಿಗೆಲ್ಲ ಈ ಮನೆ ತೋರಿಸ್ತೀನಿ. ಆದ್ರೆ ಇವತ್ತು ನಾನು ರೂಮಿಗೋಸ್ಕರ ಬಂದಿಲ್ಲ." ಅವನು ಒಂದು ಹೆಜ್ಜೆ ಮುಂದೆ ಬಂದ. "ರೂಮು ಕಾಣಿಸದೆ ಹೋದಾಗ, ನೀವು ಊರೇ ಬಿಟ್ರೇನೋ ಅಂತ ಉಸಿರು ನಿಂತಂಗಾಯ್ತು. ನಿಮ್ಮನ್ನ ಬಿಟ್ಟು ಇರೋಕಾಗಲ್ಲ ನಂಗೆ..."

"ಇದನ್ನಾದ್ರೂ ನನ್ನ ಹತ್ರಾನೇ ಹೇಳಿದ್ರಲ್ಲ!"

ಸಿಡುಕಿದಳು. ಕಣ್ಣು ಮಾತ್ರ ಆಗಲೇ ತುಂಬಿ ಹರಿಯುತ್ತಿತ್ತು.

"ಒಳಗೆ ಬರ್ಲಾ?"

"ಅತಿಥಿಯಾಗಿ ಆದ್ರೆ ಬೇಡ. ಅತಿಥಿಗಳ ಮುಂದೆ ನಕ್ಕು ನಕ್ಕು ಸಾಕಾಗಿದೆ ನಂಗೆ."

"ನಗಬೇಡಿ. ಬೈರಿ."

"ಜೀವನಪೂರ್ತಿ ಬೈತೀನಿ. ತಡ್ಕೋತೀರಾ?"

ಅವನು ಬ್ಯಾಗು ಕೆಳಗಿಟ್ಟು, ಅವಳ ಕೈ ಹಿಡಿದುಕೊಂಡ.

"ಶುರು ಮಾಡಿ..."