ಹಲಗೆಯ ಬಿಳಿ ಅರ್ಧ

"ನನ್ನ ಹಲಗೆಯ ಮೇಲೆ ಬಿಳಿ ಬಣ್ಣ ಬೀಳುತ್ತಾ?"

ಪ್ರಾರ್ಥನಾ ಮಂದಿರದಲ್ಲಿ ಯಾರೂ ಇಲ್ಲವೆಂದುಕೊಂಡು ಅವನು ಕೇಳಿದ್ದು. ಯಾರನ್ನೂ ಅಲ್ಲ, ಗೋಡೆಯನ್ನು.

ಆ ಗೋಡೆಯ ತುಂಬ ಹರ್ನ್‌ಮಿಯರ್ ಮನೆತನದ ಸಾವಿನ ಹಲಗೆಗಳು. ಮನೆಯಲ್ಲಿ ಒಬ್ಬರು ಕಣ್ಮುಚ್ಚಿದರೆ ಲಾಂಛನ ಬರೆದ ಹಲಗೆಯೊಂದು ಹೆಬ್ಬಾಗಿಲ ಮೇಲೆ ಏರುತ್ತದೆ. ವರ್ಷ ತುಂಬಿದ ಮೇಲೆ ಇಲ್ಲಿಗೆ ಬಂದು ಸೇರುತ್ತದೆ. ಎಡಗಡೆ ಗಂಡ, ಬಲಗಡೆ ಹೆಂಡತಿ. ಹೋದವರ ಕಡೆ ಕಪ್ಪು, ಉಳಿದವರ ಕಡೆ ಬಿಳಿ. ಮದುವೆಯೇ ಆಗದೆ ಹೋದವನಿಗೂ ಹೆಂಡತಿಯನ್ನು ಮೊದಲೇ ಕಳೆದುಕೊಂಡವನಿಗೂ ಪೂರ್ತಿ ಕಪ್ಪು.

"ಅಳೋದಕ್ಕೆ ಒಬ್ಬ ಹೆಂಡತಿ ಉಳಿದಿದ್ರೆ ಬೀಳುತ್ತೆ," ಎಂದಿತು ಗೋಡೆ!

ಅವನು ಬೆಚ್ಚಿಬಿದ್ದ. ಕಂಬದ ಮರೆಯ ಏಣಿಯ ಮೇಲೆ, ಮೊಣಕೈವರೆಗೂ ಮಸಿ ಮೆತ್ತಿಕೊಂಡ ಹುಡುಗಿಯೊಬ್ಬಳು ಕೂತಿದ್ದಳು.

"ಯಾರು ನೀನು?"

"ಕೆಜಾಯಾ ಲಾಂಬ್. ಲಿಂಕನ್ ಪೇಟೆಯಿಂದ ಹಲಗೆ ಬರೆಯೋಕೆ, ಹಳೇವನ್ನ ತಿದ್ದೋಕೆ ಬಂದವಳು. ಅಪ್ಪನ ಕೈ ನಡುಗುತ್ತೆ, ಅದಕ್ಕೇ ನಾನು. ನೀವು?"

"ನಾನಾ? ಆ ಖಾಲಿ ಮೊಳೆಯ ಯಜಮಾನ."

ಸಾಲಿನ ಕೊನೆಯಲ್ಲಿ, ಅವಳು ಆಗಷ್ಟೇ ತೂಗುಹಾಕಿದ್ದ ಹಿಂದಿನ ಅರ್ಲ್‌ನ ಹಲಗೆಯ ಪಕ್ಕದಲ್ಲಿ, ಒಂದು ಮೊಳೆ ಖಾಲಿ ಇತ್ತು. ಕೆಜಾಯಾಳ ಕೈಯಿಂದ ಕುಂಚ ಜಾರಿತು. ಅಯ್ಯೋ ದೇವರೇ... ಹೊಸ ಅರ್ಲ್! ಆಂಬ್ರೋಸ್ ದೊರೆ!

"ತಪ್ಪಾಯ್ತು ದೊರೆ..."

"ತಪ್ಪೇನು? ಈ ಮನೇಲಿ ನಾನು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟವಳು ನೀನೊಬ್ಬಳೇ."

ಅವನು ಕುಂಚ ಎತ್ತಿಕೊಟ್ಟ. ಬೆರಳಿಗೆ ಬೆರಳು ತಗುಲಿತು. ಅವನ ಅಂಗೈಗೆ ಕಪ್ಪು ಮೆತ್ತಿಕೊಂಡಿತು.

"ಅಯ್ಯೋ, ಬಣ್ಣ ಹತ್ತಿತು!"

"ಇರಲಿ ಬಿಡು. ಇವತ್ತಲ್ಲದಿದ್ರೆ ನಾಳೆ, ಹತ್ತೋದೇ ತಾನೆ?"

ಅವನು ನಕ್ಕ. ಆದರೆ ಆ ನಗು ಕಣ್ಣಿನವರೆಗೂ ಏರಲಿಲ್ಲ. ಹೊರಗೆ ಮಂಜು ಕವಿದ ಕೊಳದಿಂದ ಕೊಕ್ಕರೆಯೊಂದು ಕರ್ಕಶವಾಗಿ ಕೂಗಿತು.

ಮರುದಿನ ಮಧ್ಯಾಹ್ನವೂ ಅವನು ಬಂದ. ಅದರ ಮರುದಿನವೂ. ಕರವಸ್ತ್ರದಲ್ಲಿ ಬಿಸಿ ಶುಂಠಿ ರೊಟ್ಟಿ ಸುತ್ತಿಕೊಂಡು, ಹಲಗೆ ಓದುವುದನ್ನು ಕಲಿಯುವ ನೆಪದಲ್ಲಿ...

"ನಂಗೂ ಒಂದು ವಿದ್ಯೆ ಗೊತ್ತು, ಕೇಳ್ತೀಯಾ?" ಎಂದು ಒಂದು ದಿನ ಕೈಕಟ್ಟಿ, ಪಾಠ ಒಪ್ಪಿಸುವ ಹುಡುಗನಂತೆ ನಿಂತ. "ಹ್ಯೂ ಮಗ ರಾಲ್ಫ್, ರಾಲ್ಫ್ ಮಗ ಗೈ, ಗೈ ಮಗ ಪೆರೆಗ್ರಿನ್, ಪೆರೆಗ್ರಿನ್ ಮಗ ಮತ್ತೆ ಹ್ಯೂ... ಮಾತು ಬಂದಾಗಿನಿಂದ ಅಜ್ಜಿ ಇದನ್ನ ದಿನಾ ಹೇಳಿಸ್ತಿದ್ರು. ಒಂದು ಹೆಸರು ತಪ್ಪಿದ್ರೆ ರಾತ್ರಿ ಊಟ ಇಲ್ಲ!"

ಭಾನುವಾರದ ಕೀರ್ತನೆಯ ಹಾಗೆ ಅದಕ್ಕೊಂದು ಲಯವಿತ್ತು. ಕೆಜಾಯಾ ಕಣ್ಣುಮುಚ್ಚಿ ಕೇಳಿದಳು. ಮುಗಿದ ಮೇಲೂ ಏನೋ ಬಾಕಿ ಉಳಿದ ಹಾಗನ್ನಿಸಿತು.

"ಅಮ್ಮಂದಿರು ಎಲ್ಲಿ, ದೊರೆ?"

ಅವನ ಮುಖ ಕಳೆಗುಂದಿತು. "ಅವರು ಆ ಸಾಲಿನಲ್ಲಿ ಬರಲ್ಲ. ಗೋಡೆ ಮೇಲೆ ಇರ್ತಾರೆ."

ಆಗ ಅವಳು ಗೋಡೆಯನ್ನು ಮೊದಲ ಸಲ ನೋಡಿದಂತೆ ನೋಡಿದಳು. ಎಡ ಬಿಳಿ, ಬಲ ಕಪ್ಪು. ಎಡ ಬಿಳಿ, ಬಲ ಕಪ್ಪು. ಪಕ್ಕದ್ದೂ ಅದೇ. ಅದರಾಚೆಯದೂ ಅದೇ! ಇಷ್ಟೂ ಹೆಂಗಸರು, ಗಂಡಂದಿರಿಗಿಂತ ಮೊದಲೇ...

"ಬಾಣಂತಿ ಸಾವು," ಎಂದ ಅವನು ಮೆಲ್ಲಗೆ. "ನೀನು ನಿಂತಿದ್ದೀಯಲ್ಲ, ನಿನ್ನ ತಲೆ ಮೇಲಿರೋ ಹಲಗೆ ನನ್ನ ಅಮ್ಮನದು. ನಾನು ಹುಟ್ಟಿದ ದಿನವೇ."

ಕಿಟಕಿಯ ಮಂಕು ಬೆಳಕು ಅವಳ ಮುಖದ ಮೇಲೆ ಬಿದ್ದಿತ್ತು. ಅವನು ಆ ಮುಖವನ್ನೂ ಅದರ ಮೇಲಿನ ಹಲಗೆಯ ಕಪ್ಪನ್ನೂ ಒಟ್ಟಿಗೇ ನೋಡಿದ. ಬಿಳಿಚಿಕೊಂಡ. ತಿರುಗಿ ಹೊರಟುಹೋದ.

ಮತ್ತೆ ಬರಲಿಲ್ಲ.

'ಕೇಳಬಾರದ್ದನ್ನು ಕೇಳಿಬಿಟ್ಟೆನಾ? ಬಣ್ಣ ಬಳಿಯೋಳು ನಾನು... ದೊರೆಯ ತಾಯಿಯ ಮಾತು ನನಗ್ಯಾಕೆ ಬೇಕಿತ್ತು?' ಬಾಗಿಲು ಕಿರುಗುಟ್ಟಿದಾಗಲೆಲ್ಲ ಅವಳು ತಿರುಗಿ ನೋಡುತ್ತಿದ್ದಳು. ಬರುತ್ತಿದ್ದದ್ದು ಗಾಳಿ ಮಾತ್ರ.

ಒಂದು ಬೆಳಿಗ್ಗೆ ಬಂದದ್ದು ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಪಿಂಚ್‌ಬೆಕ್.

"ಯಾರ ದಾರಿ ಕಾಯ್ತಿದ್ದೀಯಮ್ಮಾ? ಶುಂಠಿ ರೊಟ್ಟೀದಾ, ತಂದುಕೊಡೋರದ್ದಾ?" ಎಂದು ಕಣ್ಣು ಮಿಟುಕಿಸಿದವಳು ಥಟ್ಟನೆ ದನಿ ತಗ್ಗಿಸಿದಳು. "ಏಳು, ದೊಡ್ಡಮ್ಮಾವ್ರು ಕರೀತಿದ್ದಾರೆ. ಕೈ ತೊಳ್ಕೊಂಡು ಹೋಗು."

ಹಿರಿಯ ಕೌಂಟೆಸ್, ಆಂಬ್ರೋಸ್‌ನ ಅಜ್ಜಿ, ಬೆಂಕಿಯ ಪಕ್ಕ ಕೋಲೂರಿ ಕೂತಿದ್ದರು.

"ಹೊಸ ಹಲಗೆ ಬೇಕು. ಎಡಗಡೆ ನಮ್ಮ ಲಾಂಛನದ ಕೊಕ್ಕರೆ. ಬಲಗಡೆ ಮೂರು ಕಪ್ಪೆಚಿಪ್ಪು, ಲೇಡಿ ಯೂಫೀಮಿಯಾ ಮನೆಯವರದ್ದು. ಆಂಬ್ರೋಸ್ ಅವಳನ್ನ ಮದುವೆಯಾಗ್ತಾನೆ."

ಕೆಜಾಯಾ ಬಾಗಿಲ ಕಡೆಗೊಮ್ಮೆ ನೋಡಿದಳು. ಓಹ್... ಅದಕ್ಕೇ ಬರಲಿಲ್ಲವಾ?

"ಹಿನ್ನೆಲೆ ಬಣ್ಣ... ಆಮೇಲೆ ತುಂಬಿಸಲಾ, ಅಮ್ಮಾವ್ರೇ?"

"ಆಮೇಲೆ ಯಾಕೆ? ಎಡ ಬಿಳಿ, ಬಲ ಕಪ್ಪು."

"ಅದು ಸತ್ತ ಹೆಂಡತಿಯ ಹಲಗೆ! ಆಕೆ ಇನ್ನೂ ಬದುಕಿದ್ದಾರೆ!"

"ಇರ್ತಾಳೆ, ಮಗ ಹುಟ್ಟೋವರೆಗೂ. ಪ್ರತಿ ಸಲ ಲಿಂಕನ್‌ಗೆ ಗಾಡಿ ಯಾಕೆ ಕಳಿಸಬೇಕು?" ಮುದುಕಿಯ ದನಿಯಲ್ಲಿ ಕೋಪವೂ ಇರಲಿಲ್ಲ, ದುಃಖವೂ ಇರಲಿಲ್ಲ. "ಈ ಪದವಿ ಇಳಿಯೋದು ಗಂಡುಮಗನಿಗೇ. ಮಗ ಇಲ್ಲ ಅಂದ್ರೆ ಹರ್ನ್‌ಮಿಯರ್ ಅನ್ನೋ ಹೆಸರೇ ಆರಿಹೋಯ್ತು. ಹೆಂಗಸರು ಬರ್ತಾರೆ, ಹೋಗ್ತಾರೆ."

"ನೀವು ಹೋಗಲಿಲ್ಲವಲ್ಲ?"

ಮಾತು ಬಾಯಿ ಜಾರಿತ್ತು. ಆ ಗೋಡೆಯಲ್ಲಿ ಒಂದೇ ಒಂದು ಹಲಗೆಯ ಬಲ ಅರ್ಧ ಬೆಳ್ಳಗಿತ್ತು. ಅದು ಈ ಮುದುಕಿಯ ಗಂಡನದು.

ಕೋಲು ನೆಲಕ್ಕೆ ಬಡಿಯಿತು. ಕೆಜಾಯಾ ಹೆದರಿ ನಿಂತಳು. ಆದರೆ ಕೌಂಟೆಸ್ ಬೆಂಕಿಯನ್ನೇ ನೋಡುತ್ತ ಮಾತಾಡಿದರು.

"ಮೊದಲನೇ ಅರ್ಲ್ ಹುಟ್ಟಿದ ಮಂಚದ ಮೇಲೇ ವಾರಸುದಾರ ಹುಟ್ಟಬೇಕು. ಉತ್ತರದ ಗೋಪುರದಲ್ಲಿ. ಅದು ಈ ಮನೆ ಕಟ್ಟಳೆ. ನಂಗೆ ದಾರೀಲೇ ನೋವು ಬಂತು. ಯಾವುದೋ ಛತ್ರದ ಅಡುಗೆಮನೇಲಿ, ಒಲೆ ಪಕ್ಕ ಹೆತ್ತೆ. ತಿರುಪೆಯವಳ ಹಾಗೆ! ನಮ್ಮ ಮಾವ ಸಾಯೋವರೆಗೂ ಹಂಗಿಸಿದ್ರು. ಆ ಕಳಂಕ ಸೊಸೆಗೆ ತಟ್ಟಬಾರದು ಅಂತ... ಆಂಬ್ರೋಸ್‌ನ ತಾಯಿಯನ್ನ ನಾನೇ ಕೈಹಿಡಿದು ಗೋಪುರ ಹತ್ತಿಸಿದೆ."

ಆ ಗೋಪುರವನ್ನು ಕೆಜಾಯಾ ನೋಡಿದ್ದಳು. ಕೊಳದೊಳಗೇ ಕಾಲಿಟ್ಟು ನಿಂತ ಕಲ್ಲು. ವರ್ಷವಿಡೀ ನೀರು ಒಸರುವ ಗೋಡೆ. ಒಲೆಯಿಲ್ಲ, ಹೊಗೆಗೂಡಿಲ್ಲ. ಬಿಸಿನೀರಿನ ಹಂಡೆ ಹೊತ್ತು ಯಾರೂ ಹತ್ತಲಾರದ ಕಿರಿದಾದ ಮೆಟ್ಟಿಲು...

ಆ ಹೆಂಗಸರನ್ನೆಲ್ಲ ಕೊಂದದ್ದು ಯಾವ ಶಾಪವೂ ಅಲ್ಲ. ಒಂದು ಕೋಣೆ!

ಆ ದಿನ ಮಧ್ಯಾಹ್ನ ಅವಳು ಚಿಪ್ಪುಗಳನ್ನು ಬರೆಯುತ್ತಿದ್ದಳು. ಕಣ್ಣೀರು ತುಂಬಿ ಗೆರೆಗಳು ಕದಡುತ್ತಿದ್ದವು. ಹಿಂದೆ ಬಾಗಿಲು ಕಿರುಗುಟ್ಟಿತು.

"ನಮ್ಮಪ್ಪನ ಹಲಗೆ ತೂಗುಹಾಕಿ ಆಯ್ತಲ್ಲ. ಇನ್ನೂ ಹೊರಟಿಲ್ಲವಾ ನೀನು?" ಆಂಬ್ರೋಸ್ ಹತ್ತಿರ ಬಂದು ತಟಕ್ಕನೆ ನಿಂತ. "ಇದೇನಿದು?"

"ನಿಮ್ಮ ಮದುವೆ ಹಲಗೆ. ಒಳ್ಳೇದಾಗಲಿ, ದೊರೆ."

"ಯಾರ ಮದುವೆ? ನಾನು ಯಾರಿಗೂ ಹೂಂ ಅಂದಿಲ್ಲ!"

"ದೊಡ್ಡಮ್ಮಾವ್ರು ಹೇಳಿದ್ರು..."

"ಅಜ್ಜಿ ನನ್ನ ಕೇಳದೇ ನನ್ನ ಸಾವನ್ನೂ ನಿಶ್ಚಯ ಮಾಡ್ತಾರೆ!"

"ಹಾಗಾದ್ರೆ ಆ ದಿನ ಯಾಕೆ ಹಾಗೆ ಹೋದ್ರಿ? ನನ್ನಿಂದ ಏನು ತಪ್ಪಾಯ್ತು?" ಇಷ್ಟು ದಿನ ತಡೆದದ್ದೆಲ್ಲ ಒಡೆದು ಬಂತು.

ಅವನು ತಾಯಿಯ ಹಲಗೆಯತ್ತ ತಲೆಯೆತ್ತಿದ.

"ನೀನು ಅಮ್ಮನ ಹಲಗೆ ಕೆಳಗೆ ನಿಂತಿದ್ದೆ, ಕೆಜಾಯಾ. ಆ ಕಪ್ಪಿನ ಕೆಳಗೆ ನಿನ್ನ ಮುಖ... ನೀನಿಲ್ಲದೆ ಇರಲಾರೆ ಅಂತ ಆ ಕ್ಷಣವೇ ಗೊತ್ತಾಯ್ತು. ನಿನ್ನನ್ನ ಪ್ರೀತಿಸೋದೂ ನಿನ್ನನ್ನ ಆ ಗೋಡೆಗೆ ಕೊಡೋದೂ ಒಂದೇ ಅನ್ನಿಸ್ತು. ಓಡಿಹೋದೆ."

ಅವಳು ಕುಂಚ ಕೆಳಗಿಟ್ಟಳು. ಗೋಪುರದ ಮಾತು, ಮಂಚದ ಮಾತು, ಛತ್ರದ ಒಲೆಯ ಮಾತು, ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಅವನು ಕಲ್ಲಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಅಂದ್ರೆ... ಅಮ್ಮನ್ನ ಕೊಂದದ್ದು ನಾನಲ್ಲವಾ?"

"ಅಲ್ಲ. ನೀವಲ್ಲ."

ಅವನು ಮುಖ ಮುಚ್ಚಿಕೊಂಡು ಅತ್ತ. ಅವಳು ಪಕ್ಕದಲ್ಲಿ ಕೂತು ಅವನ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. ಆಮೇಲೆ ಎದ್ದು, ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ, ಚಿಪ್ಪುಗಳನ್ನು ಒಂದೊಂದಾಗಿ ಒರೆಸಿಹಾಕಿದಳು. ಬಲ ಅರ್ಧಕ್ಕೆ ಬಿಳಿ ಬಳಿದಳು.

"ಆ ಕಡೆ ಯಾವ ಲಾಂಛನ?" ಅವನು ಕಣ್ಣೊರೆಸಿಕೊಳ್ಳುತ್ತ ಕೇಳಿದ.

"ನಮ್ಮಂಥೋರಿಗೆ ಎಲ್ಲಿಯ ಲಾಂಛನ? ಖಾಲಿ."

"ಎಡಕ್ಕೆ?"

"ಕಪ್ಪು. ಆದರೆ ಈಗಲ್ಲ. ನಿಮ್ಮ ಹಲ್ಲೆಲ್ಲ ಉದುರಿ, ನನ್ನ ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಮರೆತುಹೋದ ಮೇಲೆ. ನಾನೇ ಬಳೀತೀನಿ. ಅತ್ತುಕೊಂಡು."

ಅವನು ನಕ್ಕ. ಈ ಸಲ ನಗು ಕಣ್ಣಿನವರೆಗೂ ಏರಿತು... ಅಷ್ಟರಲ್ಲಿ ಹೊರಗಿನ ಕಲ್ಲುಹಾಸಿನ ಮೇಲೆ ಕೋಲಿನ ಸದ್ದು. ಟಕ್. ಟಕ್. ನಿಧಾನವಾಗಿ, ಹತ್ತಿರವಾಗುತ್ತ.

ಅವನ ನಗು ಆರಿತು. ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ಅಜ್ಜಿ ಬಿಡಲ್ಲ. ನಿನ್ನನ್ನ ಆ ಗೋಪುರದ ಮೆಟ್ಟಿಲು ಹತ್ತಿಸೋವರೆಗೂ ಬಿಡಲ್ಲ. ನನಗೆ ಭಯ ಆಗ್ತಿದೆ, ಕೆಜಾಯಾ... ಬಿಳಿ ಇನ್ನೂ ಹಸಿಯಾಗಿದೆ. ಅದರ ಮೇಲೆ ಕಪ್ಪು ಬಳಿದುಬಿಡು. ಪೂರ್ತಿ, ಮದುವೆಯಾಗದೆ ಹೋದವನ ಹಲಗೆ ಹಾಗೆ. ಈ ಪದವಿ ನನ್ನ ಜೊತೆಗೇ ಮುಗಿದುಹೋಗಲಿ. ನೀನು ಎಲ್ಲಾದ್ರೂ ಬದುಕಿರು. ಕೈ ಮುಗೀತೀನಿ, ಬಳಿ."

ಟಕ್. ಟಕ್. ಬಾಗಿಲ ಹಿಡಿ ತಿರುಗಿತು.

ಕೆಜಾಯಾ ಕಪ್ಪು ಬಣ್ಣದ ಕುಡಿಕೆಗೆ ಮುಚ್ಚಳ ಒತ್ತಿದಳು.

"ಬಳಿಯಲ್ಲ."