ಕರಿಬಟ್ಟೆಯೊಳಗಿನ ಮೈಕು

"ಆ ಮೈಕ್ ಮಾತ್ರ ಮುಟ್ಬೇಡಮ್ಮ," ಎಂದ ರೆಕಾರ್ಡಿಸ್ಟು, ದನಿ ತಗ್ಗಿಸಿ. ಸ್ಟುಡಿಯೋದ ಮೂಲೆಯಲ್ಲಿ ಅದು ಕರಿಬಟ್ಟೆ ಹೊದ್ದು ನಿಂತಿತ್ತು. "ಹಿಂದೆ ಇಲ್ಲಿ ಹಾಡ್ತಿದ್ದೋಳು ಅದಕ್ಕೆ ಮಾಟ ಮಾಡಿಸಿದ್ಲು. ಅದರಲ್ಲಿ ಹಾಡಿದ್ರೆ ಹೆಸರೇನೋ ಬರುತ್ತೆ. ಆದ್ರೆ ಮನೆಯವರ ದನಿ ಹೋಗುತ್ತೆ."

ಹಾಡಲು ಬಂದಿದ್ದವಳು ಬಿದ್ದು ಬಿದ್ದು ನಕ್ಕಳು. "ನಮ್ಮತ್ತೆ ಬಾಯಿ ಮುಚ್ಚಿದ್ರೆ ನಿಮಗೇ ಪುಣ್ಯ ಬರುತ್ತೆ ಅಣ್ಣ!"

ವರ್ಷಗಟ್ಟಲೆ ಕೋರಸ್ಸಿನ ಹಿಂದಿನ ಸಾಲಿನಲ್ಲಿ ನಿಂತು ಸವೆದವಳು ಅವಳು. ದನಿಯಲ್ಲಿ ತೂಕವಿಲ್ಲ ಎಂಬ ಮಾತು ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಮೊದಲ ಬಾರಿ ಒಬ್ಬಳೇ ಹಾಡುವ ಅವಕಾಶ ಸಿಕ್ಕಿದೆ, ಉಳಿದ ಮೈಕುಗಳಲ್ಲಿ ಅದೇ ಸಪ್ಪೆ ದನಿ. ಹಟಕ್ಕೆ ಬಿದ್ದು ಕರಿಬಟ್ಟೆ ಎಳೆದಳು. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹಾಡಿದಳು. ಗಾಜಿನಾಚೆ ರೆಕಾರ್ಡಿಸ್ಟ್ ಕಣ್ಣು ಮುಚ್ಚಿಕೊಂಡ.

ಹಾಡು ಕಾಳ್ಗಿಚ್ಚಿನಂತೆ ಹಬ್ಬಿತು. ಬಸ್ಸು, ಹೋಟೆಲು, ಕಟಿಂಗ್ ಶಾಪು, ಎಲ್ಲೆಡೆ ಅವಳದೇ ದನಿ. ಅದೇ ವಾರ, ಮೊಮ್ಮಗಳಿಗೆ ಅನ್ನ ಕಲಸುತ್ತಿದ್ದ ಅತ್ತೆ ಮಾತಿನ ನಡುವೆ ನಿಂತುಬಿಟ್ಟರು. ತುಟಿ ಅಲುಗಿತು. ಸದ್ದಿಲ್ಲ. "ಗಂಟಲು ಚೆನ್ನಾಗೇ ಇದೆಯಲ್ಲ," ಎಂದು ಡಾಕ್ಟರು ತಲೆ ಕೆರೆದುಕೊಂಡರು. ಕಾಕತಾಳೀಯ ಎಂದು ತನಗೆ ತಾನೇ ಹೇಳಿಕೊಂಡು ಅವಳು ಅದೇ ಮೈಕಿನಲ್ಲಿ ಎರಡನೇ ಹಾಡಿಗೆ ಒಪ್ಪಿದಳು.

ಅದು ಬಿಡುಗಡೆಯಾದ ದಿನ ಗಂಡನ ಶಾಲೆಯಿಂದ ಫೋನ್ ಬಂತು. ಪಾಠ ಹೇಳಿಯೇ ಬದುಕುವ ಮನುಷ್ಯ. ಫೋನಿನೊಳಗೆ ಬರೀ ಅವನ ಉಸಿರು. ಅವಳು ತನ್ನದೇ ಹಾಡು ಹಾಕಿದಳು. ಕಿವಿಗೊಟ್ಟಳು. ಪಲ್ಲವಿಯ ಅಡಿಯಲ್ಲಿ ಅತ್ತೆ ಗೊಣಗುತ್ತಿದ್ದರು. ಆಲಾಪದೊಳಗೆ ಗಂಡ ಅವಳನ್ನು ಕೂಗುತ್ತಿದ್ದ.

ಇನ್ನು ಉಳಿದಿದ್ದವಳು ಮಗಳು.

ಸ್ಟುಡಿಯೋಗೆ ಓಡಿದಳು. "ಅಳಿಸಿಬಿಡಿ ಅಣ್ಣ! ಎಲ್ಲಾ ಅಳಿಸಿ!"

"ಎಲ್ಲಿಂದ ಅಂತ ಅಳಿಸ್ಲಮ್ಮ?" ರೆಕಾರ್ಡಿಸ್ಟಿನ ಮುಖ ಬಿಳಿಚಿತ್ತು. "ಊರೋರ ಫೋನಲ್ಲೆಲ್ಲ ಇದೆ."

ಅವಳು ಮೈಕನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಜಾಲರಿ ಒಡೆಯಿತು. ಒಳಗೆ ಕೂದಲಿನ ಗಂಟು. ಒದ್ದೆ. ಬೆಚ್ಚಗೆ. ಗಂಟಲಿನಂತೆ ನುಂಗುತ್ತಿತ್ತು, ಮತ್ತೆ ಮತ್ತೆ. ಬೆಂಕಿಕಡ್ಡಿ ಗೀರಿದಳು. ಗಂಟು ಮುದುಡಿತು. ಚೀರಿತು. ಬೂದಿಯಾಯಿತು.

ಮುಗಿಯಿತು ಎಂದುಕೊಂಡಳು. ದಾರಿಯುದ್ದಕ್ಕೂ ಅಳುತ್ತ, ನಗುತ್ತ ಓಡಿದಳು. ಇನ್ನೆಂದೂ ಹಾಡುವುದಿಲ್ಲ. ಹೆಸರು ಹಾಳಾಗಿ ಹೋಗಲಿ. ಮೆಟ್ಟಿಲು. ಬಾಗಿಲು. ಹೊಸ್ತಿಲಲ್ಲೇ ಮಗಳು. ಅವಳನ್ನು ಕಂಡದ್ದೇ ಎರಡೂ ಕೈ ಚಾಚಿತು ಮಗು.

"ಅಮ್ಮ ಅನ್ನು ಚಿನ್ನ. ಒಂದ್ಸಲ ಅನ್ನು."

ಮಗು ಬಾಯಿ ತೆರೆಯಿತು. ಪುಟ್ಟ ಕೊರಳ ನರ ಉಬ್ಬಿತು. ಸದ್ದಿಲ್ಲ. ಬೆದರಿದ ಕಣ್ಣಲ್ಲಿ ನೀರು ತುಂಬಿತು. ಗಂಟೂ ಇಲ್ಲ, ಮೈಕೂ ಇಲ್ಲ, ಊರೆಲ್ಲ ಮೊಳಗುವ ಹಾಡೇ ಈಗ ನುಂಗುತ್ತಿತ್ತು. ಬೇಡಿಕೊಳ್ಳಲು, ಬಿಡಿಸಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ಅವಳು ಮಗುವನ್ನು ಎದೆಗವಚಿಕೊಂಡು ಕುಸಿದಳು.

ಮೇಲಿನ ಮನೆಯಲ್ಲಿ ಯಾರೋ ಅವಳ ಹಾಡು ಹಾಕಿದರು. ಪಲ್ಲವಿ ಮುಗಿಯಿತು. ವಾದ್ಯಗಳು ಒಂದು ಗಳಿಗೆ ನಿಂತವು.

ಆ ಮೌನದಲ್ಲಿ, ಸೂರಿನಾಚೆಯಿಂದ, ಮಗಳು ಕರೆದಳು: "ಅಮ್ಮಾ..."